ಕಲರ್ ಡ್ರೆಸ್ ದಿನ

ಸಹೋದರಿಯರೇ, ನಿಮ್ಮ ಮನೆಯಲ್ಲೂ ಕಾಲೇಜಿಗೆ ಹೋಗುವ ಹೆಣ್ಣು ಮಗಳೊಬ್ಬಳಿದ್ದರೆ ಈ ಸದ್ದು ನಿಮಗೆ ಗೊತ್ತಿರುತ್ತದೆ. ಸಂಜೆ ಶಾಲೆಯಿಂದ ಬಂದು ಅಸರ್ ನಮಾಝಿಗೆ ವುಝೂ ಮಾಡುತ್ತಿರುತ್ತೇನೆ. ಬಾಗಿಲ ಮುಂದೆ ಬೈಕ್ ನಿಲ್ಲುತ್ತದೆ. "ಮೇಡಂ, ಪಾರ್ಸೆಲ್!" ಒಳಗಿನ ಕೋಣೆಯಿಂದ ಒಂದು ಜೊತೆ ಪಾದಗಳು ಓಡಿ ಬರುತ್ತವೆ. ಆಮೇಲೆ ಪ್ಲಾಸ್ಟಿಕ್ ಚೀಲ ಹರಿಯುವ ಸದ್ದು.

ಪಾರ್ಸೆಲ್ ನನ್ನ ಅಕ್ಕನ ಮಗಳದ್ದು. ಅಕ್ಕನ ಮನೆ ಕುಣಿಗಲ್. ಹುಡುಗಿ ಪಿಯುಸಿ ಮುಗಿಸಿ ತುಮಕೂರಿನಲ್ಲಿ ಬಿಕಾಂ ಸೇರಿದಾಗ, "ನಿನ್ನ ಹತ್ತಿರವೇ ಇರಲಿ, ನೀನು ಮದ್ರಸ ಕಲಿತವಳು, ಟೀಚರ್ ಬೇರೆ, ಅವಳ ಮೇಲೆ ಒಂದು ಕಣ್ಣಿಡು" ಎಂದು ಅಕ್ಕ ನನಗೆ ಒಪ್ಪಿಸಿದಳು. ಕಣ್ಣಿಡುವ ಕೆಲಸವನ್ನು ನಾನು ಸ್ವಲ್ಪ ಹೆಚ್ಚಾಗಿಯೇ ಮಾಡಿದೆ ಎಂದು ಈಗ ಅನ್ನಿಸುತ್ತದೆ. ಅದನ್ನೇ ನಿಮ್ಮ ಮುಂದೆ ಹೇಳಲು ಕೂತಿದ್ದೇನೆ.

ಅಂದಿನ ಪಾರ್ಸೆಲ್‌ನಲ್ಲಿ ಗೋಧಿ ಬಣ್ಣದ ಅಬಾಯಾ ಬಂದಿತ್ತು. ಅಗಲ ತೋಳು, ಸೊಂಟಕ್ಕೆ ಅದೇ ಬಟ್ಟೆಯ ಪಟ್ಟಿ, ಅದಕ್ಕೊಪ್ಪುವ ಉದ್ದ ಶೇಲಾ. ಮರುದಿನ ಅದನ್ನು ತೊಟ್ಟು ಅವಳು ಹೊರಟಾಗ ನಡುಮನೆಯಲ್ಲಿ ನಮ್ಮ ಬೀದಿಯ ಇಬ್ಬರು ಮಹಿಳೆಯರು ಕೂತಿದ್ದರು. "ಇದೇನಮ್ಮಾ, ಕಾಲೇಜಿಗೆ ಹೊರಟಿದ್ದೀಯೋ ವಲೀಮಾಕ್ಕೋ? ಪರ್ದಾ ಅಂದರೆ ಜನ ನೋಡದಿರಲಿ ಅಂತ. ಇದು ಜನರನ್ನು ಕರೆದು ತೋರಿಸುವ ಹಾಗಿದೆ" ಎಂದುಬಿಟ್ಟೆ. ಬಂದವರು ನಕ್ಕರು. ಅವಳು ನಗಲಿಲ್ಲ. ಒಳಗೆ ಹೋಗಿ ಹಳೆಯ ಕಪ್ಪು ಬುರ್ಖಾ ತೊಟ್ಟು ಹೊರಗೆ ಬಂದು, "ಹೋಗಿ ಬರ್ತೀನಿ ಖಾಲಾ" ಎಂದಷ್ಟೇ ಹೇಳಿ ಹೊರಟುಹೋದಳು. ನಾನು ಗೆದ್ದೆ ಎಂದುಕೊಂಡೆ.

ಎರಡು ವಾರ ಪಾರ್ಸೆಲ್ ಬರಲಿಲ್ಲ. ಮಾತೂ ಕಡಿಮೆಯಾಯಿತು. ಒಂದು ರಾತ್ರಿ ಅವಳು ನಾಲ್ಕು ಹಾಳೆ ತಂದು ನನ್ನ ಮುಂದಿಟ್ಟಳು. ಕಾಲೇಜಿನ ಭಿತ್ತಿಪತ್ರಿಕೆಗೆ 'ನಾನು ಮತ್ತು ನನ್ನ ಉಡುಪು' ಎಂದು ಬರೆದು ಕೊಡಲು ಕನ್ನಡ ಮೇಡಂ ಹೇಳಿದ್ದರಂತೆ. "ಖಾಲಾ, ಒತ್ತಕ್ಷರ ತಪ್ಪಿದ್ದರೆ ತಿದ್ದಿ ಕೊಡಿ" ಎಂದಳು. ಮನೆಯಲ್ಲಿ ನಾವು ಮಾತನಾಡುವುದು ದಖನಿ. ಕನ್ನಡ ಬರೆಯುವುದನ್ನು ಅವಳಿಗೆ ತಿದ್ದಿ ಕಲಿಸಿದವಳು ನಾನೇ. ಕೆಂಪು ಪೆನ್ನು ಹಿಡಿದು ಕೂತೆ. ಎರಡನೇ ಹಾಳೆಗೆ ಬರುವಷ್ಟರಲ್ಲಿ ಪೆನ್ನು ಕೆಳಗಿಟ್ಟೆ.

ಅವಳು ಶುರು ಮಾಡಿದ್ದು ಬಟ್ಟೆಯ ಲೆಕ್ಕದಿಂದ. ಒಂದು ವರ್ಷದಲ್ಲಿ ಬಂದ ಪಾರ್ಸೆಲ್ ಹನ್ನೊಂದು. ಬೀದಿಯ ಮಕ್ಕಳಿಗೆ ಟ್ಯೂಷನ್ ಹೇಳಿ ತಾನೇ ಗಳಿಸಿದ ಹಣದಲ್ಲಿ ಕೊಟ್ಟದ್ದು ಒಂಬತ್ತು ಸಾವಿರಕ್ಕೂ ಮೇಲೆ. ಅದರಲ್ಲಿ ಹತ್ತು ಬಾರಿಗಿಂತ ಹೆಚ್ಚು ತೊಟ್ಟದ್ದು ನಾಲ್ಕು ಮಾತ್ರ. ಅಂಬ್ರೆಲಾ ಅಬಾಯಾ ಒಂದೇ ಸಲ, ಬಸ್ಸಿನ ಮೆಟ್ಟಿಲಲ್ಲಿ ಕಾಲಿಗೆ ಸಿಕ್ಕಿಕೊಂಡಿತೆಂದು. ಅಗಲ ಕಾಲಿನ ಕೊರಿಯನ್ ಪ್ಯಾಂಟ್ ಎರಡು ಸಲ. ಕುರ್ತಿ ಮತ್ತು ಪ್ಯಾಂಟ್ ಒಂದೇ ಬಟ್ಟೆಯಲ್ಲಿರುವ ಕೋ-ಆರ್ಡ್ ಸೆಟ್ ಒಗೆದಾಗ ಗಿಡ್ಡವಾಯಿತು. ಬಿಕಾಂ ಓದುವ ಹುಡುಗಿಯಲ್ಲವೇ, ಬ್ಯಾಲೆನ್ಸ್ ಶೀಟಿನ ಹಾಗೆ ಬರೆದಿದ್ದಳು.

ಆಮೇಲೆ ಬರೆದಿದ್ದಳು: "ಇವುಗಳನ್ನು ನಾನು ಆರಿಸಿದೆ ಎಂದುಕೊಂಡಿದ್ದೆ. ನಿಜವಾಗಿ ಆರಿಸಿದ್ದು ಫೋನು. ಒಂದು ವೀಡಿಯೋದ ಮುಂದೆ ನಾಲ್ಕು ಸೆಕೆಂಡು ನಿಂತರೆ ಅಂಥದ್ದೇ ನಲವತ್ತು ಬರುತ್ತವೆ. ಮೂರನೇ ದಿನ ಅದು ಎಲ್ಲರ ಹತ್ತಿರ ಇದೆ, ನನ್ನ ಹತ್ತಿರ ಮಾತ್ರ ಇಲ್ಲ ಎಂದು ಅನ್ನಿಸತೊಡಗುತ್ತದೆ."

ಸಹೋದರಿಯರೇ, ನಮ್ಮ ಕಾಲದ ಫ್ಯಾಷನ್ ಊರಿಗೆ ಬರಲು ಹೊತ್ತು ಬೇಕಿತ್ತು. ಬೆಂಗಳೂರಿನಲ್ಲಿ ಬಂದದ್ದು ತುಮಕೂರಿನ ಎಂ.ಜಿ. ರಸ್ತೆಯ ಅಂಗಡಿಗೆ ಬರಲು ಆರು ತಿಂಗಳು, ಅಲ್ಲಿಂದ ಗುಬ್ಬಿಗೆ ಬರಲು ಮತ್ತೊಂದು ರಮಝಾನ್. ಅಷ್ಟರಲ್ಲಿ ಆಸೆ ಅರ್ಧ ಆರಿರುತ್ತಿತ್ತು. ಈಗ ದುಬೈಯ ಹುಡುಗಿ ಬೆಳಿಗ್ಗೆ ತೊಟ್ಟದ್ದನ್ನು ಕುಣಿಗಲ್‌ನ ಹುಡುಗಿ ಮಧ್ಯಾಹ್ನದ ಬಿಡುವಿನಲ್ಲಿ ನೋಡುತ್ತಾಳೆ. ಪರ್ದಾ ಧರಿಸುವವರಿಗೂ ಕೊಳ್ಳುವ ಆಸೆ ಇದೆ ಎಂಬುದನ್ನು ದೊಡ್ಡ ಕಂಪೆನಿಗಳು ನಮಗಿಂತ ಮೊದಲೇ ಅರಿತವು. ಇಟಲಿಯ ಡೋಲ್ಚೆ ಅಂಡ್ ಗಬ್ಬಾನಾ 2016ರಲ್ಲಿ ಅಬಾಯಾ ಮತ್ತು ಹಿಜಾಬ್‌ಗಳನ್ನು ಹೊರತಂದಿತು. ನೈಕಿ ಕಂಪೆನಿ 2017ರಲ್ಲಿ ಆಟಗಾರ್ತಿಯರಿಗೆಂದು ಹಿಜಾಬ್ ಮಾರಾಟಕ್ಕೆ ತಂದಿತು. ಅದರಲ್ಲಿ ಒಳ್ಳೆಯದೂ ಇದೆ, ಓಡುವ ಹುಡುಗಿಗೆ ತಲೆವಸ್ತ್ರ ಜಾರದಂಥದ್ದು ಬೇಕೇ ಬೇಕು. ಆದರೆ ಮಾರುವವನಿಗೆ ನಮ್ಮ ಹಯಾ ಒಂದು ಸರಕು. ಈ ವರ್ಷದ ಸರಕು ಮುಂದಿನ ವರ್ಷ ಹಳೆಯದಾಗದಿದ್ದರೆ ಅವನ ವ್ಯಾಪಾರ ನಡೆಯುವುದಿಲ್ಲ.

ನಾನು ಪೆನ್ನು ಕೆಳಗಿಟ್ಟದ್ದು ಇದಕ್ಕಲ್ಲ. ಮುಂದಿನ ಭಾಗಕ್ಕೆ.

2022ರ ಫೆಬ್ರವರಿ ನಿಮಗೆಲ್ಲ ನೆನಪಿರುತ್ತದೆ. ಉಡುಪಿಯ ಸರಕಾರಿ ಪಿಯು ಕಾಲೇಜೊಂದರಲ್ಲಿ 2021ರ ಕೊನೆಗೆ ಆರಂಭವಾದದ್ದು ಕೆಲವೇ ವಾರಗಳಲ್ಲಿ ರಾಜ್ಯವನ್ನೆಲ್ಲ ಆವರಿಸಿತು. ಫೆಬ್ರವರಿ 5ರಂದು ಸಮವಸ್ತ್ರದ ಬಗ್ಗೆ ಸರಕಾರದ ಆದೇಶ ಬಂತು. ತುಮಕೂರಿನಲ್ಲೂ ಹೆಣ್ಣು ಮಕ್ಕಳು ಕಾಲೇಜಿನ ಗೇಟಿನ ಹೊರಗೆ ನಿಂತರು. ಇಲ್ಲಿನ ಅತಿಥಿ ಉಪನ್ಯಾಸಕಿಯೊಬ್ಬರು ಹಿಜಾಬ್ ತೆಗೆದು ಪಾಠ ಮಾಡಲಾರೆನೆಂದು ರಾಜೀನಾಮೆ ಕೊಟ್ಟರು. ಮಾರ್ಚ್ 15ರಂದು ಹೈಕೋರ್ಟ್ ಸರಕಾರದ ಆದೇಶವನ್ನು ಎತ್ತಿಹಿಡಿಯಿತು. ಅದೇ ವರ್ಷ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಪರಸ್ಪರ ಭಿನ್ನವಾದ ತೀರ್ಪು ಬರೆದರು. ಇದೆಲ್ಲ ಪತ್ರಿಕೆಗಳಲ್ಲಿ ಓದಿದ್ದು. ನಮ್ಮ ಹುಡುಗಿ ಆಗ ಮೊದಲ ಪಿಯುಸಿ. ಫೆಬ್ರವರಿ 16ರಂದು ಕಾಲೇಜುಗಳು ಮತ್ತೆ ತೆರೆದಾಗ ಅವಳೇನು ಮಾಡಿದಳು ಎಂದು ನಾನು ಕೇಳಿರಲಿಲ್ಲ. "ಕಾಲೇಜಿಗೆ ಹೋಗ್ತಿದ್ದಾಳೆ" ಎಂದು ಅಕ್ಕ ಫೋನಿನಲ್ಲಿ ಹೇಳಿದ್ದಳು, ನಾನು ಅಲ್‌ಹಮ್ದುಲಿಲ್ಲಾಹ್ ಎಂದು ಸುಮ್ಮನಾಗಿದ್ದೆ.

ಹಾಳೆಯಲ್ಲಿ ಇತ್ತು: "ಗೇಟಿನ ಪಕ್ಕದ ಕೋಣೆಯಲ್ಲಿ ಸ್ಕಾರ್ಫ್ ತೆಗೆದೆ. ಕೈ ನಡುಗಿ ಪಿನ್ನು ಬೆರಳಿಗೆ ಚುಚ್ಚಿತು. ನನ್ನ ಗೆಳತಿ ಬಾಗಿಲಿಗೆ ಅಡ್ಡ ನಿಂತು, ಸ್ಕಾರ್ಫನ್ನು ನನ್ನಿಂದ ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿ ತನ್ನ ಬ್ಯಾಗಿನಲ್ಲಿಟ್ಟುಕೊಂಡಳು. ಸಂಜೆ ಹಾಗೇ ವಾಪಸು ಕೊಟ್ಟಳು. ಪರೀಕ್ಷೆ ಮುಗಿಯುವವರೆಗೂ ದಿನವೂ ಅವಳೇ ಇಟ್ಟುಕೊಂಡಳು. ಅದು ಬಿಳಿ ಸ್ಕಾರ್ಫು, ಅಂಚಿಗೆ ಅಮ್ಮಿ ಕ್ರೋಶಾ ಹಾಕಿದ್ದರು. ಆ ಎರಡು ತಿಂಗಳು ಟಿವಿಯಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಎಲ್ಲರೂ ನಮ್ಮ ತಲೆಯ ಬಟ್ಟೆಯ ಬಗ್ಗೆಯೇ ಮಾತನಾಡಿದರು. ಒಬ್ಬರೂ ಅಂಚನ್ನು ನೋಡಲಿಲ್ಲ. ಈಗ ಮನೆಯಲ್ಲೂ ಮೊದಲು ನನ್ನ ಬಟ್ಟೆಯನ್ನು ನೋಡುತ್ತಾರೆ, ಆಮೇಲೆ ನನ್ನನ್ನು."

ಆ ಕೊನೆಯ ವಾಕ್ಯ ಯಾರಿಗೆ ಬರೆದದ್ದೆಂದು ತಿಳಿಯಲು ಬಿಎ ಓದಿರಬೇಕಾಗಿಲ್ಲ.

ಇನ್ನೂ ಒಂದು ಪುಟ ಉಳಿದಿತ್ತು. ಅದು ಆ ಗೆಳತಿಯ ಬಗ್ಗೆ. ಅವಳೂ ಈಗ ಇಲ್ಲೇ ಬಿಕಾಂ ಓದುತ್ತಿದ್ದಾಳೆ. ಕುಣಿಗಲ್ ಬಳಿಯ ಹಳ್ಳಿಯವಳು. ರೂಮು ಮಾಡಿಕೊಂಡಿರುವ ಅನುಕೂಲ ಇಲ್ಲ. ದಿನವೂ ಬಸ್ಸಿನಲ್ಲಿ ಒಂದು ಗಂಟೆಗೂ ಮೇಲೆ ಕೂತು ಬರುತ್ತಾಳೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರಕಾರಿ ಬಸ್ಸು ಉಚಿತವಾಗದಿದ್ದರೆ ಅವಳ ಓದು ಪಿಯುಸಿಗೇ ನಿಲ್ಲುತ್ತಿತ್ತೇನೋ. ಈ ಗೆಳತಿ ಶನಿವಾರ ಕಾಲೇಜಿಗೆ ಬರುತ್ತಿರಲಿಲ್ಲ. ಮನೆಯಲ್ಲಿ ಕೆಲಸ, ತಲೆನೋವು, ಬಸ್ಸು ತಪ್ಪಿತು ಎಂದು ಪ್ರತಿ ವಾರ ಒಂದು ಕಾರಣ. ಶನಿವಾರ ಅವರ ಕಾಲೇಜಿನಲ್ಲಿ ಸಮವಸ್ತ್ರ ಇಲ್ಲ, ಕಲರ್ ಡ್ರೆಸ್. ಅವಳ ಹತ್ತಿರ ಕಾಲೇಜಿಗೆ ತೊಡುವಂಥ ಕಲರ್ ಡ್ರೆಸ್ ಇದ್ದದ್ದು ಎರಡು. ಎರಡನ್ನೂ ಎಲ್ಲರೂ ನೋಡಿಯಾಗಿತ್ತು.

ನಮ್ಮ ಹುಡುಗಿ ಪ್ರತಿ ಶನಿವಾರ ಹೊಸದೊಂದು ತೊಟ್ಟು ಫೋಟೋ ತೆಗೆದು ಸ್ಟೇಟಸ್ ಹಾಕುತ್ತಿದ್ದಳು. ಗೆಳತಿ ಮನೆಯಲ್ಲಿ ಕೂತು ನೋಡುತ್ತಿದ್ದಳು. ಒಂದು ದಿನ ಬಸ್ ನಿಲ್ದಾಣದಲ್ಲಿ ತಮಾಷೆಗೆ, "ನಿನ್ನ ಹತ್ರ ಎಷ್ಟು ಅಬಾಯಾ ಇದೆಯೇ?" ಎಂದು ಕೇಳಿದಳಂತೆ. ಇವಳಿಗೆ ಲೆಕ್ಕ ಗೊತ್ತಿರಲಿಲ್ಲ. ಹನ್ನೊಂದು ಪಾರ್ಸೆಲ್‌ನ ಪಟ್ಟಿ ಹುಟ್ಟಿದ್ದು ಆ ರಾತ್ರಿ. ನನ್ನ ಬೈಗುಳಕ್ಕೆ ಅಲ್ಲ. ನಾನು ಅದನ್ನು ನನ್ನ ಗೆಲುವು ಎಂದುಕೊಂಡಿದ್ದೆ.

ಆ ಗೆಳತಿಯ ತಾಯಿ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ ಮಾಡುತ್ತಾರೆ. ನಾವು ಫಜರ್‌ಗೆ ಏಳುವ ಹೊತ್ತಿಗೆ ಆಕೆ ವ್ಯಾನ್ ಹತ್ತಿರುತ್ತಾರೆ. ದಿನವಿಡೀ ಒಂದೇ ಭಾಗ, ತೋಳಾದರೆ ತೋಳು, ಕಾಲರ್ ಆದರೆ ಕಾಲರ್. ಗಂಟೆಗೆ ಇಷ್ಟು ಎಂದು ಗುರಿ ಕೊಟ್ಟಿರುತ್ತಾರೆ. ಇಡೀ ಅಂಗಿ ಹೇಗಾಯಿತೆಂದು ನೋಡುವ ಅವಕಾಶ ಕಡಿಮೆ. ನಾವು ಐನೂರು ರೂಪಾಯಿಗೆ ಕುರ್ತಿ ಸಿಕ್ಕಿತೆಂದು ಸಂತೋಷಪಡುವಾಗ ಆ ಐನೂರರಲ್ಲಿ ಹೊಲಿದವಳಿಗೆ ಎಷ್ಟು ಹೋಯಿತೆಂದು ಕೇಳುವುದಿಲ್ಲ. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಸಾವರ್‌ನಲ್ಲಿ ರಾಣಾ ಪ್ಲಾಝಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಮಂದಿ ಸತ್ತರಲ್ಲ, ಅದರಲ್ಲಿ ಬಹುಪಾಲು ಹೊಲಿಗೆಯ ಹೆಣ್ಣು ಮಕ್ಕಳು. ಹಿಂದಿನ ದಿನ ಗೋಡೆಯಲ್ಲಿ ಬಿರುಕು ಕಂಡಿದ್ದರೂ ಮರುದಿನ ಅವರನ್ನು ಕೆಲಸಕ್ಕೆ ಕರೆಯಲಾಗಿತ್ತು. ನಮ್ಮ ಬೆಂಗಳೂರಿನಲ್ಲೂ 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿಯ ಹೊಸ ನಿಯಮದ ವಿರುದ್ಧ ಸಾವಿರಾರು ಗಾರ್ಮೆಂಟ್ಸ್ ಮಹಿಳೆಯರು ರಸ್ತೆಗಿಳಿದರು, ಕೇಂದ್ರ ಸರಕಾರ ಆ ನಿಯಮವನ್ನು ಹಿಂದೆಗೆದುಕೊಳ್ಳಬೇಕಾಯಿತು. ಫ್ಯಾಷನ್ ಬಗ್ಗೆ ನಾನು ಮಕ್ಕಳಿಗೆ ಎಷ್ಟೋ ಉಪದೇಶ ಮಾಡಿದ್ದೇನೆ, ಈ ಮಹಿಳೆಯರ ಮಾತನ್ನು ಒಮ್ಮೆಯೂ ಎತ್ತಿರಲಿಲ್ಲ.

ಮರುವಾರ ಭಾನುವಾರ ಇಬ್ಬರೂ ಗುಬ್ಬಿಗೆ ಹೋದೆವು, ನನ್ನ ಅಮ್ಮಿಯನ್ನು ನೋಡಲು. ಬಿ.ಎಚ್. ರಸ್ತೆಯಲ್ಲಿ ಇಪ್ಪತ್ತು ಕಿಲೋಮೀಟರ್, ಅಷ್ಟು ದೂರವೂ ನಾವಿಬ್ಬರು ಕಿಟಕಿಯ ಹೊರಗಿನ ತೆಂಗಿನ ತೋಟಗಳನ್ನು ನೋಡುತ್ತಾ ಕೂತಿದ್ದೆವು. (ಗುಬ್ಬಿ ಎಂದರೆ ನಾಟಕ ಕಂಪನಿಯ ಊರು, 1884ರಿಂದ ಲೋಕಕ್ಕೆ ವೇಷ ತೊಡಿಸಿದ ಊರು. ವೇಷದ ವಿಚಾರಣೆಗೆ ಅಲ್ಲಿಗೇ ಹೋದದ್ದು ಸರಿಯೇ ಆಯಿತು.)

ಅಮ್ಮಿಗೆ ಎಂಬತ್ತರ ಹತ್ತಿರ. ನಾನು ಗೋಧಿ ಬಣ್ಣದ ಅಬಾಯಾದ ಕಥೆ ಹೇಳಿದೆ, ನನ್ನ ತಪ್ಪನ್ನು ಸ್ವಲ್ಪ ಕಡಿಮೆ ಮಾಡಿಯೇ ಹೇಳಿದೆ. ಅಮ್ಮಿ ಮೊಮ್ಮಗಳ ಕಡೆ ತಿರುಗಿ, "ನಿನ್ನ ಖಾಲಾಗೆ ಅವಳ ಕೋಟಿನ ಕಥೆ ಮರೆತುಹೋಗಿದೆ" ಎಂದರು.

ಮರೆತಿರಲಿಲ್ಲ, ನೆನಪಿಸಿಕೊಂಡಿರಲಿಲ್ಲ ಅಷ್ಟೆ. 1990ರ ದಶಕದ ಕೊನೆ, ನಾನು ಮದ್ರಸದಲ್ಲಿ ಓದುತ್ತಿದ್ದ ಕಾಲ. ಅಲ್ಲಿಯವರೆಗೆ ನಮ್ಮ ಕಡೆ ಎರಡು ತುಂಡಿನ ಬುರ್ಖಾ. ಆಗ ಮುಂಭಾಗಕ್ಕೆ ಗುಂಡಿ ಇರುವ, ಕೋಟಿನ ಹಾಗೆ ಕಾಣುವ ಬುರ್ಖಾ ಬಂತು. ನಮ್ಮ ತರಗತಿಯಲ್ಲಿ ಮೂವರು ಹೊಲಿಸಿಕೊಂಡರು. ನಾನು ಎರಡು ದಿನ ಊಟ ಬಿಟ್ಟು ಅಮ್ಮಿಯಿಂದ ಹಣ ಪಡೆದು ನಾಲ್ಕನೆಯವಳಾದೆ. ಉಸ್ತಾನಿ ನನ್ನನ್ನು ಎಲ್ಲರ ಮುಂದೆ ನಿಲ್ಲಿಸಿ, "ಇದು ಪರ್ದಾನಾ, ಪೊಲೀಸ್ ಇನ್ಸ್‌ಪೆಕ್ಟರ್ ಕೋಟಾ?" ಎಂದು ಕೇಳಿದ್ದರು. ಹುಡುಗಿಯರು ನಕ್ಕಿದ್ದರು. ಮನೆಗೆ ಬಂದು ಅತ್ತಿದ್ದೆ. ಎರಡು ವರ್ಷಗಳಲ್ಲಿ ಉಸ್ತಾನಿಯೂ ಅಂಥದ್ದನ್ನೇ ತೊಟ್ಟರು. ನಾನು ಮುಕ್ತ ವಿಶ್ವವಿದ್ಯಾನಿಲಯದ ಬಿಎ ಪರೀಕ್ಷೆ ಬರೆಯಲು ತುಮಕೂರಿಗೆ ಬಂದದ್ದೂ ಅದೇ ಕೋಟಿನಲ್ಲಿ.

ಅಮ್ಮಿ ಟ್ರಂಕು ತೆರೆಸಿದರು. ತಳದಲ್ಲಿ ಒಂದು ಬಿಳಿ ಚಾದರ್, ಹಳದಿಗೆ ತಿರುಗಿದೆ, ಹತ್ತಿಯದು. ಅವರು ಮದುವೆಯಾಗಿ ಬಂದಾಗ ಸೀರೆಯ ಮೇಲೆ ಅದನ್ನು ಹೊದ್ದೇ ಹೊರಗೆ ಹೋಗುತ್ತಿದ್ದದ್ದು. ನಮ್ಮ ಬೀದಿಯ ಒಬ್ಬರು ಗಲ್ಫ್‌ಗೆ ಹೋಗಿ ಬಂದು ಹೆಂಡತಿಗೆ ಹೊಳೆಯುವ ಕಪ್ಪು ಬುರ್ಖಾ ತಂದಾಗ ಹಿರಿಯ ಹೆಂಗಸರು ಮೂಗು ಮುರಿದಿದ್ದರಂತೆ. "ಶೋಕಿ ಮಾಡ್ತಾಳೆ, ನಮ್ಮ ಚಾದರ್ ಸಾಕಾಗಲಿಲ್ಲವಾ ಅಂತ ನಾನೂ ಅಂದಿದ್ದೆ" ಎಂದು ಅಮ್ಮಿ ನಕ್ಕರು. ಸಹೋದರಿಯರೇ, ಯಾವ ಕಪ್ಪು ಬುರ್ಖಾವನ್ನು ನಾನು ನಮ್ಮ ಹಿರಿಯರ ಸಾದಾ ಉಡುಪೆಂದು ಹುಡುಗಿಗೆ ತೊಡಿಸಿ ಕಳುಹಿಸಿದ್ದೆನೋ, ನಮ್ಮ ಬೀದಿಗೆ ಅದೂ ಒಂದು ದಿನ ಶೋಕಿಯಾಗಿಯೇ ಬಂದದ್ದು.

ಅಮ್ಮಿ ಮೊಮ್ಮಗಳ ಅಬಾಯಾದ ತುದಿಯನ್ನು ಬೆರಳುಗಳ ನಡುವೆ ಉಜ್ಜಿ ನೋಡಿದರು. "ಬಣ್ಣ ಇರಲಿ. ಇದು ಬೆವರು ಹೀರುತ್ತಾ?" ಎಂದರು. ಹೀರುವುದಿಲ್ಲ. ನಿದಾ ಎಂದು ಮಾರುವ ಬಟ್ಟೆ ಪಾಲಿಯೆಸ್ಟರ್. ಇಸ್ತ್ರಿ ಬೇಡ, ಮೈಮೇಲೆ ಚೆನ್ನಾಗಿ ಇಳಿಬೀಳುತ್ತದೆ, ಆದರೆ ಏಪ್ರಿಲ್ ತಿಂಗಳ ತುಮಕೂರಿನ ಬಿಸಿಲಿನಲ್ಲಿ ಬಸ್ಸಿಗೆ ಕಾಯುವವಳಿಗೆ ಅದರ ಕಷ್ಟ ಗೊತ್ತು. ನಾನು ಕೇಳದ ಪ್ರಶ್ನೆಯನ್ನು ಅಮ್ಮಿ ಮೊದಲೇ ಕೇಳಿದರು.

ನೀವು ಕೇಳಬಹುದು, ಹಾಗಾದರೆ ಉಡುಪಿಗೆ ಮಿತಿಯೇ ಇಲ್ಲವೇ ಎಂದು. ಇದೆ. ನಾನು ಮದ್ರಸದಲ್ಲಿ ಕಲಿತದ್ದನ್ನು ಬಿಟ್ಟುಕೊಟ್ಟಿಲ್ಲ. ಮೈ ಮುಚ್ಚಬೇಕು, ಬಿಗಿಯಾಗಿ ಮೈಯ ಆಕಾರ ತೋರಬಾರದು, ಇದರಲ್ಲಿ ನನ್ನ ಮತ್ತು ಹುಡುಗಿಯ ನಡುವೆ ಜಗಳ ಇರಲೇ ಇಲ್ಲ. ಅವಳ ಗೋಧಿ ಬಣ್ಣದ ಅಬಾಯಾ ನನ್ನ ಬುರ್ಖಾಕ್ಕಿಂತ ಸಡಿಲವಾಗಿತ್ತು! ಪವಿತ್ರ ಕುರ್‌ಆನಿನ ಅಲ್-ಅಅ್‌ರಾಫ್ ಅಧ್ಯಾಯದ 26ನೇ ವಚನ ಉಡುಪನ್ನು ಮಾನ ಮುಚ್ಚುವ ಸಾಧನವೆಂದೂ ಅಲಂಕಾರವೆಂದೂ ಒಟ್ಟಿಗೇ ಹೇಳಿ, ತಖ್ವಾದ ಉಡುಪನ್ನು ಅವೆರಡಕ್ಕಿಂತ ಮೇಲಿಡುತ್ತದೆ. ಅದೇ ಅಧ್ಯಾಯದ 31ನೇ ವಚನ ಅಲಂಕರಿಸಿಕೊಳ್ಳಲು ಹೇಳಿ, ಅಲ್ಲೇ ಇಸ್ರಾಫ್‌ನಿಂದ, ಅಂದರೆ ದುಂದಿನಿಂದ ತಡೆಯುತ್ತದೆ. ಸಹೀಹ್ ಮುಸ್ಲಿಮ್‌ನಲ್ಲಿರುವ ಒಂದು ಹದೀಸನ್ನು ನಾನು ಮಕ್ಕಳಿಗೆ ಎಷ್ಟು ಸಲ ಬಾಯಿಪಾಠ ಮಾಡಿಸಿದ್ದೇನೋ ಲೆಕ್ಕವಿಲ್ಲ. ಒಳ್ಳೆಯ ಬಟ್ಟೆ, ಒಳ್ಳೆಯ ಚಪ್ಪಲಿ ಇಷ್ಟಪಡುವುದು ಅಹಂಕಾರವಾಗುತ್ತದೆಯೇ ಎಂಬ ಸಂಶಯ ಒಬ್ಬರಿಗೆ ಬಂತು. ಅಲ್ಲಾಹನು ಸೌಂದರ್ಯವನ್ನು ಪ್ರೀತಿಸುವವನು ಎಂದು ಪ್ರವಾದಿವರ್ಯರು(ಸ) ಸಮಾಧಾನ ಹೇಳಿದರು. ಸತ್ಯವನ್ನು ತಳ್ಳಿಹಾಕುವುದು ಮತ್ತು ಜನರನ್ನು ಕೀಳಾಗಿ ಕಾಣುವುದು, ಇವೆರಡನ್ನೇ ಅಹಂಕಾರವೆಂದು ತಿಳಿಸಿದರು. ಆ ಹದೀಸನ್ನು ಅಂದು ನಡುಮನೆಯಲ್ಲಿ ಇಟ್ಟು ತೂಗಿದ್ದರೆ ತಪ್ಪಿತಸ್ಥೆ ಅಬಾಯಾ ತೊಟ್ಟವಳಾಗುತ್ತಿರಲಿಲ್ಲ, ನಾಲ್ಕು ಜನರ ಮುಂದೆ ಅವಳನ್ನು ಸಣ್ಣವಳನ್ನಾಗಿ ಮಾಡಿದವಳು ಆಗುತ್ತಿದ್ದಳು. ಶನಿವಾರದ ಸ್ಟೇಟಸ್ ವಿಷಯದಲ್ಲಿ ಅವಳೂ ಅದೇ ತಪ್ಪು ಮಾಡಿದ್ದಳು, ತನಗೆ ತಿಳಿಯದೆ. ಆದರೆ ಅದನ್ನು ಅವಳು ತಾನೇ ಕಂಡುಕೊಂಡಳು. ನನಗೆ ನಾಲ್ಕು ಹಾಳೆ ಬೇಕಾದವು.

ಕ್ಷಮೆ ಕೇಳುವುದು ನಮ್ಮಂಥವರಿಗೆ ಕಷ್ಟ. ಟೀಚರ್‌ಗಳಿಗೆ ಇನ್ನೂ ಕಷ್ಟ. ಗುಬ್ಬಿಯಿಂದ ವಾಪಸು ಬರುವಾಗ ಬಸ್ಸಿನಲ್ಲಿ, "ಅವತ್ತು ಆ ಇಬ್ಬರ ಮುಂದೆ ನಾನು ಹಾಗೆ ಹೇಳಬಾರದಿತ್ತು" ಎಂದೆ. ಅವಳು ಕಿಟಕಿಯ ಕಡೆ ನೋಡುತ್ತಾ, "ಒತ್ತಕ್ಷರ ತಪ್ಪಿದೆಯಾ ನೋಡಿದ್ರಾ ಖಾಲಾ?" ಎಂದಳು. ಎರಡು ಕಡೆ ತಪ್ಪಿತ್ತು. ತಿದ್ದಿ ಕೊಟ್ಟೆ. ಮನೆಯ ಬಗ್ಗೆ ಬರೆದ ಆ ಒಂದು ವಾಕ್ಯವನ್ನು ತೆಗೆಯಲೇ ಎಂದು ಅವಳೇ ಕೇಳಿದಳು. ಬೇಡ ಎಂದೆ.

ಭಿತ್ತಿಪತ್ರಿಕೆಯಲ್ಲಿ ಅದನ್ನು ಗೆಳತಿಯೂ ಓದಿದಳು. ಅವಳ ಹೆಸರು ಬರೆದಿರಲಿಲ್ಲ, ಆದರೂ ಓದಿದ ಕೂಡಲೇ ಗೊತ್ತಾಯಿತಂತೆ. ಎರಡು ದಿನ ಮುನಿಸಿಕೊಂಡಿದ್ದಳು. "ನಾನು ಬಡವಿ ಅಂತ ಗೋಡೆಗೆ ಅಂಟಿಸಿದ್ದೀಯ" ಎಂದಳಂತೆ. ಇದನ್ನು ನಾವಿಬ್ಬರೂ ಯೋಚಿಸಿಯೇ ಇರಲಿಲ್ಲ. ಹುಡುಗಿ ಓಡಿಹೋಗಿ ಆ ಹಾಳೆ ಕಿತ್ತು ತಂದಳು. ಮೂರನೇ ದಿನ ಗೆಳತಿಯೇ ಮಾತಾಡಿಸಿದಳು. ಶನಿವಾರದ ಸ್ಟೇಟಸ್ ನಿಂತಿದೆ. ಪಾರ್ಸೆಲ್ ಪೂರ್ತಿ ನಿಂತಿಲ್ಲ, ಸುಳ್ಳು ಹೇಳುವುದಿಲ್ಲ. ಕಳೆದ ತಿಂಗಳು ಒಂದು ಬಂತು. ನಾನು ಬಾಗಿಲು ತೆರೆದು ತೆಗೆದುಕೊಂಡು, ಏನೂ ಹೇಳದೆ ಅವಳ ಮೇಜಿನ ಮೇಲಿಟ್ಟೆ. ಏನೂ ಹೇಳದಿರಲು ಎಷ್ಟು ಶ್ರಮ ಬೇಕಾಯಿತೆಂದು ನಿಮಗೆ ಮಾತ್ರ ಹೇಳುತ್ತಿದ್ದೇನೆ.

ಕಳೆದ ಭಾನುವಾರ ಅಕ್ಕನನ್ನು ನೋಡಲು ಕುಣಿಗಲ್‌ಗೆ ಹೋಗಿದ್ದೆವು. ಸಂಜೆ ಹುಡುಗಿ ನನ್ನನ್ನು ಗೆಳತಿಯ ಹಳ್ಳಿಗೆ ಕರೆದೊಯ್ದಳು. ಅವರ ತಾಯಿಗೆ ಅಂದು ರಜೆ. ಜಗಲಿಯ ಮೇಲೆ ಚಾಪೆ ಹಾಸಿ, ಕಾಫಿ ಕೊಟ್ಟರು. ಆಮೇಲೆ ಹುಡುಗಿಯ ಗೋಧಿ ಬಣ್ಣದ ಅಬಾಯಾದ ತೋಳನ್ನು ಒಳಮಗ್ಗುಲಿಗೆ ತಿರುಗಿಸಿ ಹೊಲಿಗೆಯ ಮೇಲೆ ಬೆರಳು ಆಡಿಸಿದರು.

"ಓವರ್‌ಲಾಕ್ ಸರಿಯಾಗಿಲ್ಲ ಮೇಡಂ. ಅವಸರದಲ್ಲಿ ಹೊಡೆದಿದ್ದಾರೆ, ಎರಡು ಸಲ ಒಗೆದರೆ ಬಿಚ್ಚಿಕೊಳ್ಳುತ್ತೆ. ಪಾಪ, ಟಾರ್ಗೆಟ್ ಇರುತ್ತಲ್ಲ" ಎಂದರು. ಒಳಗೆ ಹೋಗಿ ಸೂಜಿ ದಾರ ತಂದು, ದಾರವನ್ನು ಬಟ್ಟೆಯ ಪಕ್ಕ ಹಿಡಿದು ಬಣ್ಣ ಹೊಂದುತ್ತದೆಯೇ ಎಂದು ನೋಡಿದರು. ಅಂಗಳದಲ್ಲಿ ನಿಂತಿದ್ದ ಹುಡುಗಿಯ ಕಡೆಗೂ ಒಮ್ಮೆ ನೋಡಿದರು.

"ಈ ಬಣ್ಣ ಅವಳಿಗೆ ಚೆನ್ನಾಗಿ ಒಪ್ಪುತ್ತೆ ಅಲ್ವಾ ಮೇಡಂ?"

ಹೌದು, ಒಪ್ಪುತ್ತದೆ ಎಂದೆ.